ಹಿಂಗಾರಿಗೆ ಬಿತ್ತಿದ ಅಲಂಕಾರದ ಹುಲ್ಲು

ಪುಣೆಯ ಕೋಥ್ರೂಡಿನ ನಮ್ಮ ಮನೆಯ ತಾರಸಿಯಲ್ಲಿ ನಾನು ಕುಂಡಗಳಲ್ಲಿ ಬೆಳೆಸುವ ಬ್ರೈಜಾ ಮ್ಯಾಕ್ಸಿಮಾ ಮೆಡಿಟರೇನಿಯನ್ ಸೀಮೆಯ ಹುಲ್ಲು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಈ ಏಕವಾರ್ಷಿಕ ಸಸ್ಯ ಸುಮಾರು ಒಂದೂವರೆ ಅಡಿ ಎತ್ತರವಾಗುತ್ತದೆ. ಕೂದಲೆಳೆಯಂಥ ತೊಟ್ಟುಗಳಿಗೆ ಜೋತುಬಿದ್ದ ಅದರ ಕಿರುತೆನೆಗಳು ಗಾಳಿ ಸುಳಿದರೆ ಸಾಕು, ನಡುಗುತ್ತವೆ.

ಮೊದಲ ವರ್ಷ ಮೃಗಶಿರಾ ಮಳೆ ಬಿದ್ದೊಡನೆ ಜೂನ್‌ನಲ್ಲಿ ಬಿತ್ತಿದೆ. ಮೊಳೆತ ನಾಲ್ಕಾರು ಸಸಿಗಳೂ ಬುಡ ಕೊಳೆತು ಮಲಗಿದವು. ಬೀಜವೇ ಜೊಳ್ಳೆಂದುಕೊಂಡಿದ್ದೆ; ತಪ್ಪಿದ್ದು ಹಂಗಾಮು. ಅದರ ತವರಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ಆದ್ದರಿಂದ ಅದು ತಂಪಿನಲ್ಲಿ ಮೊಳೆತು, ಬಿಸಿಲು ಬಲಿಯುವ ಮೊದಲೇ ಬೀಜ ಕಟ್ಟಿ ಸಾಯುತ್ತದೆ. ನಮ್ಮ ವಿಜಯಪುರದ ಕಡೆಯ ಬಿಳಿಜೋಳದಂತೆ ಇದನ್ನೂ ಹಿಂಗಾರಿ ಬೆಳೆಯೆಂದೇ ಎಣಿಸಬೇಕಿತ್ತು.

ಮರುವರ್ಷ ಅಕ್ಟೋಬರ್ ಕೊನೆಗೆ, ಕೆಂಪು ಮಣ್ಣಿಗೆ ಸಮಪಾಲು ಉಸುಕು ಬೆರೆಸಿ, ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಆಳ ಹೋಗದಂತೆ ಉದುರಿಸಿದೆ. ಇಲ್ಲಿನ ಎರೆಮಣ್ಣು ನೀರು ಹಿಡಿದಿಡುವುದರಿಂದ ಅದನ್ನು ಮುಟ್ಟಲಿಲ್ಲ. ಎರಡು ವಾರದೊಳಗೆ ಹಸಿರು ಸೂಜಿಗಳೆದ್ದವು. ಮನೆಗೆಲಸದಾಕೆ ಅರ್ಧ ಕುಂಡವನ್ನು ಕಸವೆಂದು ಕಿತ್ತೆಸೆದಳು. ಗುರುತಿನ ಕಡ್ಡಿ ನೆಡದವಳು ನಾನೇ ಆದ್ದರಿಂದ ಬೈಯಲು ಬಾಯಿರಲಿಲ್ಲ. ಉಳಿದವನ್ನು ನಾಲ್ಕು ಬೆರಳಿನ ಅಂತರಕ್ಕೆ ತೆಳುಗೊಳಿಸಿ, ದಿನವಿಡೀ ಬಿಸಿಲು ಬೀಳುವ ಕಡೆ ಇಟ್ಟು, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿದೆ. ಗೊಬ್ಬರದ ಆಸೆಗೆ ಬಿದ್ದ ಒಂದು ಕುಂಡದಲ್ಲಿ ಎಲೆ ಸೊಕ್ಕಿ, ಕಾಂಡ ಮಗ್ಗುಲಾಯಿತು. ಬಡ ಮಣ್ಣೇ ಇದಕ್ಕೆ ಹಿತ.

ಫೆಬ್ರುವರಿಯಲ್ಲಿ ತೆನೆ ತೂಗಿದಾಗ ಅವ್ವ ಕಣ್ಣಗಲಿಸಿ, "ಇದೇನವ್ವಾ, ಹುಲ್ಲು ಲೋಲಾಕು ಹಾಕ್ಕೊಂಡೈತಲ್ಲ!" ಎಂದಳು. ಪದರ ಪದರವಾಗಿ ಹೆಣೆದಂತಿರುವ ಆ ಕಿರುತೆನೆ ಮೊದಲು ತಿಳಿಹಸಿರಾಗಿದ್ದು, ಬಲಿಯುತ್ತ ಹುಲ್ಲಿನ ಹೊಂಬಣ್ಣಕ್ಕೆ ತಿರುಗುತ್ತದೆ. ಹೂದಾನಿಗೆ ಬೇಕಾದರೆ ಹಸಿರು ಪೂರ್ತಿ ಮಾಸುವ ಮೊದಲೇ ಕೊಯ್ದು, ಸಣ್ಣ ಕಟ್ಟುಗಳಾಗಿ ಮಾಡಿ, ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ತಡವಾದರೆ ಒಣಗಿದ ಮೇಲೆ ಮುಟ್ಟಿದಲ್ಲೆಲ್ಲ ಉದುರುತ್ತದೆ. ಬೀಜಕ್ಕೆಂದು ಬಿಟ್ಟ ಹತ್ತು ತೆನೆಗಳನ್ನು ಮಾರ್ಚ್ ಕೊನೆಗೆ ಕಾಗದದ ಚೀಲಕ್ಕೆ ಉದುರಿಸಿಕೊಂಡೆ. ಕೈತಪ್ಪಿದ ಕೆಲವು ಕಾಳುಗಳು ಮುಂದಿನ ಹಿಂಗಾರಿಗೆ ಪಕ್ಕದ ಕರಿಬೇವಿನ ಕುಂಡದಲ್ಲಿ ತಾವಾಗಿಯೇ ಮೊಳೆತಿದ್ದವು. ಈ ಸಲ ಕಡ್ಡಿ ನೆಟ್ಟಿದ್ದೇನೆ.