ಮೈಸೂರಿನಲ್ಲಿ ಕಡಿಮೆ ಬಾಡಿಗೆಯ ರೂಮ್ ಬೇಕಾ? ಮೊದಲು ಚೆಕ್‌ಔಟ್ ಟೈಮ್ ಕೇಳಿ

ಶಿವಮೊಗ್ಗದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮೈಸೂರು. ಅಮ್ಮನನ್ನು ಕರೆದುಕೊಂಡು ನಾನು ಹೋಗುವುದು ಹೀಗೇ. ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಸರಿ. ಆದರೆ ಸುಮಾರು ಹೋಟೆಲ್‌ಗಳಲ್ಲಿ ರೂಮ್ ಕೊಡುವುದೇ ಮಧ್ಯಾಹ್ನ 12ಕ್ಕೆ. ಬೆಳಗ್ಗೆಯೇ ಬೇಕೆಂದರೆ ಅರ್ಧ ದಿನದ ಬಾಡಿಗೆ ಜಾಸ್ತಿ ಕೇಳುತ್ತಾರೆ, ಕೆಲವರು ಪೂರ್ತಿ ದಿನದ್ದೇ ಹಾಕುತ್ತಾರೆ. ಆ್ಯಪ್‌ನಲ್ಲಿ 900 ಅಂತ ಕಂಡ ರೂಮ್ ಕೌಂಟರ್‌ನಲ್ಲಿ 1,800 ಆಗುವುದು ಹೀಗೆ.

ಅದಕ್ಕೇ ನನ್ನ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ. ಫೋನ್ ಮಾಡಿ, "ಸಾರ್, ನಿಮ್ಮದು 24 ಗಂಟೆ ಚೆಕ್‌ಔಟಾ, ಮಧ್ಯಾಹ್ನ 12 ಗಂಟೆದಾ?" ಅಂತ ಕೇಳುತ್ತೇನೆ. 24 ಗಂಟೆ ಅಂದರೆ ಇವತ್ತು ಬೆಳಗ್ಗೆ 8ಕ್ಕೆ ರೂಮ್ ಹಿಡಿದರೆ ನಾಳೆ ಬೆಳಗ್ಗೆ 8ರವರೆಗೆ ನಿಮ್ಮದು. ಹಳೆಯ ಲಾಡ್ಜ್‌ಗಳಲ್ಲಿ ಈ ಪದ್ಧತಿ ಇನ್ನೂ ಉಳಿದಿದೆ, ಬಾಗಿಲಲ್ಲೇ ಬೋರ್ಡ್ ಹಾಕಿರುತ್ತಾರೆ. ರಾತ್ರಿ ಪ್ರಯಾಣದವರಿಗೆ ಇದಕ್ಕಿಂತ ಲಾಭ ಇನ್ನೊಂದಿಲ್ಲ.

ಎಲ್ಲಿ ಹುಡುಕಬೇಕು? ಗಾಂಧಿ ಚೌಕ, ಧನ್ವಂತರಿ ರಸ್ತೆ, ಸಯ್ಯಾಜಿರಾವ್ ರಸ್ತೆಯ ಅಕ್ಕಪಕ್ಕ. ಅಲ್ಲಿಂದ ದೇವರಾಜ ಮಾರ್ಕೆಟ್, ಅರಮನೆ, ಸಿಟಿ ಬಸ್ ಸ್ಟ್ಯಾಂಡ್ ಎಲ್ಲವೂ ನಡೆಯುವ ದೂರ. ಊರಾಚೆ ರಿಂಗ್ ರೋಡ್ ಕಡೆ ಇನ್ನೂರು ಮುನ್ನೂರು ಕಡಿಮೆಗೆ ಚಂದದ ರೂಮ್ ಸಿಗಬಹುದು. ಆದರೆ ದಿನಕ್ಕೆ ನಾಲ್ಕು ಸಲ ಆಟೋ ಹತ್ತಿದರೆ ಆ ಉಳಿತಾಯ ಎಲ್ಲಿ ಹೋಯಿತು? ಒಬ್ಬರೇ ಹೋಗುವ ಹುಡುಗರಿಗೆ ಗಂಗೋತ್ರಿ ಬಡಾವಣೆಯ ಯೂತ್ ಹಾಸ್ಟೆಲ್ ಇದೆ, ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ರೈಲ್ವೆಯ ರಿಟೈರಿಂಗ್ ರೂಮ್, ಅಂದರೆ ನಿಲ್ದಾಣದಲ್ಲೇ ಪ್ರಯಾಣಿಕರಿಗೆ ಬಾಡಿಗೆಗೆ ಕೊಡುವ ರೂಮ್, ಬಹಳ ಜನಕ್ಕೆ ನೆನಪಾಗುವುದೇ ಇಲ್ಲ. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು. ರೂಮ್ ಕಡಿಮೆ ಇರುತ್ತವೆ, ಟಿಕೆಟ್ ಆದ ಕೂಡಲೇ ನೋಡಿ. ಸುಮ್ನೆ ಸ್ನಾನ ಮಾಡಿ ಊರು ಸುತ್ತಿ ಸಂಜೆ ವಾಪಸ್ ಹೊರಡುವವರಿಗೆ ಲಾಡ್ಜ್ ಯಾಕೆ ಬೇಕು? ಬ್ಯಾಗ್ ಅನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಬ್ಯಾಗಿಗೆ ಬೀಗ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಆ್ಯಪ್‌ನಲ್ಲಿ ನಾನು ಹೆಸರು ಹುಡುಕುತ್ತೇನೆ, ಆಮೇಲೆ ನೇರವಾಗಿ ಲಾಡ್ಜ್‌ಗೇ ಫೋನ್ ಮಾಡುತ್ತೇನೆ. ಆ್ಯಪ್‌ಗೆ ಕೊಡುವ ಕಮಿಷನ್ ಉಳಿಯುವುದರಿಂದ ಕೆಲವರು ನೂರಿನ್ನೂರು ಬಿಡುತ್ತಾರೆ. ಮಾತಾಡುವಾಗ ಟ್ಯಾಕ್ಸ್ ಸೇರಿಸಿ ಎಷ್ಟು ಅಂತಲೇ ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಮೊದಲು ಶೇ. 12 ಇತ್ತು. ಬಿಲ್‌ನಲ್ಲಿ ಹಳೆಯ ಲೆಕ್ಕ ಕಂಡರೆ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಎಸಿಯಂತೂ ಬೇಸಿಗೆ ಬಿಟ್ಟರೆ ಮೈಸೂರಿನಲ್ಲಿ ದಂಡ.

ದುಡ್ಡು ಕೊಡುವ ಮುಂಚೆ ರೂಮ್ ನೋಡಿಯೇ ನೋಡಬೇಕು. ಅಮ್ಮ ಮೆಟ್ಟಿಲ ಬುಡದಲ್ಲಿ ಬ್ಯಾಗ್ ಹಿಡಿದು ಕೂತಿರುತ್ತಾರೆ, ನಾನು ರೂಮ್ ಬಾಯ್ ಹಿಂದೆ ಹೋಗುತ್ತೇನೆ. ಮೊದಲು ಬಾತ್‌ರೂಮ್. ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತೇನೆ, ಫ್ಲಶ್ ಒತ್ತುತ್ತೇನೆ. ಬಕೆಟ್, ಮಗ್ ಇದೆಯಾ? ಕಮೋಡ್ ವೆಸ್ಟರ್ನಾ? ಅಮ್ಮನ ಮಂಡಿಗೆ ಇಂಡಿಯನ್ ಆಗುವುದಿಲ್ಲ. ಆಮೇಲೆ ದಿಂಬು ಎತ್ತಿ ಹಾಸಿಗೆಯ ಮೂಲೆ ನೋಡುತ್ತೇನೆ. ತಿಗಣೆ ಇದ್ದರೆ ಹೊಲಿಗೆಯ ಹತ್ತಿರ ಸಣ್ಣ ಕಪ್ಪು ಚುಕ್ಕೆ ಕಾಣುತ್ತವೆ. ಕಿಟಕಿಗೆ ಜಾಲರಿ ಇದೆಯಾ, ಒಳಗಿನ ಚಿಲಕ ಸರಿಯಾಗಿ ಕೂರುತ್ತದಾ, ಅಷ್ಟು ನೋಡಿದರೆ ಆಯಿತು. ಗೋಡೆಯ ಬಣ್ಣ ಹೋಗಿದ್ದರೆ ಹೋಗಲಿ, ನಾವೇನು ಅಲ್ಲಿ ಸಂಸಾರ ಮಾಡಬೇಕಾ?

ಬಿಸಿನೀರಿನ ಹೊತ್ತು ಕೇಳಲು ಮರೆಯಬೇಡಿ. ಸೋಲಾರ್ ಇರುವ ಕಡೆ ಬೆಳಗ್ಗೆ 6ರಿಂದ 9 ಅಂತ ಮಿತಿ ಇರುತ್ತದೆ. ತಡವಾಗಿ ಎದ್ದವರಿಗೆ ತಣ್ಣೀರೇ. ಎಲ್ಲರ ಆಧಾರ್ ಜೊತೆಗಿರಲಿ. ಲಿಫ್ಟ್ ಇಲ್ಲದಿದ್ದರೆ ಗ್ರೌಂಡ್ ಫ್ಲೋರ್‌ನಲ್ಲೇ ಕೊಡಿ ಅಂತ ಫೋನಿನಲ್ಲೇ ಹೇಳಿಬಿಡಿ, ಆದರೆ ರಸ್ತೆ ಕಡೆಯದು ಬೇಡ ಅನ್ನಿ.

ಯಾವ ದಿನ ಹೋಗುತ್ತೀರಿ ಅನ್ನುವುದರ ಮೇಲೂ ಬಾಡಿಗೆ ನಿಂತಿದೆ. ಶನಿವಾರ ಜಾಸ್ತಿ, ವಾರದ ನಡುವೆ ಚೌಕಾಸಿ ಸುಲಭ. ಆದರೆ ಮಂಗಳವಾರ ಮೃಗಾಲಯಕ್ಕೆ ರಜೆ. ಅರಮನೆಯ ದೀಪ ಸಾವಕಾಶವಾಗಿ ನೋಡಬೇಕಾದರೆ ಭಾನುವಾರವೇ ಬೇಕು, ಇಲ್ಲವೇ ಸರ್ಕಾರಿ ರಜೆ ದಿನ. ನಾನು ಭಾನುವಾರ ಬೆಳಗ್ಗೆ ಇಳಿದು ಸೋಮವಾರ ಹೊರಡುತ್ತೇನೆ. ಶನಿವಾರ ಬಂದವರು ಭಾನುವಾರ ರೂಮ್ ಖಾಲಿ ಮಾಡುತ್ತಿರುತ್ತಾರೆ.

ದಸರಾ ಸಮಯದಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಬಾಡಿಗೆ ಬಾಯಿಗೆ ಬಂದಷ್ಟು. ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿ ಇರುವುದರಿಂದ ಲಾಡ್ಜ್ ಬಾಗಿಲಿಗೆ ಆಟೋ ಕೂಡ ಬರುವುದಿಲ್ಲ. ಆ ದಿನಗಳಲ್ಲಿ ಶ್ರೀರಂಗಪಟ್ಟಣ ಅಥವಾ ನಂಜನಗೂಡಿನಲ್ಲಿ ಉಳಿದು ಬಂದು ಹೋಗುವುದು ವಾಸಿ. ಎರಡಕ್ಕೂ ರೈಲಿದೆ, ಬಸ್ಸಿದೆ. ರಾತ್ರಿಯ ಕೊನೆಯ ಬಸ್ ಎಷ್ಟಕ್ಕೆ ಅಂತ ಮಾತ್ರ ಬೆಳಗ್ಗೆ ಇಳಿದಾಗಲೇ ಬಸ್ ಸ್ಟ್ಯಾಂಡ್‌ನಲ್ಲಿ ಕೇಳಿಟ್ಟುಕೊಳ್ಳಿ.