ಮೈಎಸ್‌ಕ್ಯೂಎಲ್‌ನಲ್ಲಿ 'ರೋ ಸೈಜ್ ಟೂ ಲಾರ್ಜ್' ಅಂದ್ರೆ ಏನ್ ಮಾಡ್ಬೇಕು

ಮೈಎಸ್‌ಕ್ಯೂಎಲ್ ಡೇಟಾಬೇಸಲ್ಲಿ ಟೇಬಲ್ಲಿನ ರೋ (ಒಂದು ಸಾಲು) ಮಿತಿ ಮೀರಿ 1118 ಎರರ್ ಬಂದಾಗ ಗಾಬರಿ ಬೀಳೋ ಮುಂಚೆ ಮೆಸೇಜನ್ನ ಪೂರ್ತಿ ಓದಿ, ಒಂದೇ ನಂಬರಿನ ಹಿಂದೆ ಎರಡು ಬೇರೆ ತಕರಾರು ಇರತ್ತೆ. 65535 ಅಂತಿದ್ರೆ ಅದು ಒಂದು ರೋಗೆ ಇಷ್ಟೇ ಬೈಟು ಅನ್ನೋ ಮೈಎಸ್‌ಕ್ಯೂಎಲ್‌ದೇ ಲಿಮಿಟ್ಟು. 8126 ಅಂತಿದ್ರೆ ಇನ್ನೋಡಿಬಿದು (ಡೇಟಾನ ಡಿಸ್ಕಲ್ಲಿ ಇಡೋ ಒಳಗಿನ ಎಂಜಿನ್ನು), ಡೇಟಾ ಇಡೋ 16 ಕೆಬಿ ತುಂಡಲ್ಲಿ, ಅಂದ್ರೆ ಪೇಜಲ್ಲಿ, ಎರಡು ರೋ ಆದ್ರೂ ಹಿಡೀಬೇಕು ಅನ್ನೋದು ಅದರ ಹಠ.

ನಂಗೆ ಬಂದಿದ್ದು ಮೊದಲನೇದು. ಸರ್ವೆ ಫಾರ್ಮಲ್ಲಿ 70 ಪ್ರಶ್ನೆ, ಏನೂ ಯೋಚನೆ ಮಾಡ್ದೆ ಎಲ್ಲಕ್ಕೂ ವಾರ್‌ಕ್ಯಾರ್ 255 (ಅಂದ್ರೆ 255 ಕ್ಯಾರೆಕ್ಟರ್ ತನಕ) ಅಂತ ಬಡಿದೆ, ಇನ್ನೂ ಒಂದು ರೋನೂ ಹಾಕಿಲ್ಲ ಆಗ್ಲೇ ಎರರ್ರು! ಯಾಕಂದ್ರೆ ಅದು ನೋಡೋದು ನೀವು ತುಂಬಿಸಿದ್ದನ್ನಲ್ಲ, ಎಷ್ಟು ತುಂಬಿಸಬಹುದು ಅಂತ ಬರೆದಿದ್ದೀರೋ ಅದನ್ನ. ಯುಟಿಎಫ್8ಎಂಬಿ4 ಅನ್ನೋ ಅಕ್ಷರ ಎನ್‌ಕೋಡಿಂಗಲ್ಲಿ ಒಂದು ಕ್ಯಾರೆಕ್ಟರಿಗೆ ಹೆಚ್ಚೆಂದ್ರೆ 4 ಬೈಟ್ ಅಂತ ಲೆಕ್ಕ, 255ಕ್ಕೆ 1020, ಉದ್ದ ಬರೆದಿಡೋಕೆ ಇನ್ನೆರಡು, ಒಟ್ಟು 1022. 64 ಕಾಲಮ್ಮಿಗೆ 65408 ಆಯ್ತು, 65ನೇದಕ್ಕೆ ಜಾಗ ಇಲ್ಲ.

ಇದಕ್ಕೆ ಮೊದ್ಲು ಸೈಜ್ ಇಳಿಸಿ ನೋಡಿ, ಪಿನ್‌ಕೋಡಿಗೆ 255 ಯಾಕ್ ಬೇಕು ಹೇಳಿ. ಆದ್ರೆ ಕನ್ನಡ ಹೆಸರು ಇರೋ ಕಾಲಮ್ಮನ್ನ ಕಣ್ಣಳತೇಲಿ ಕತ್ತರಿಸ್ಬೇಡಿ. 'ಲಕ್ಷ್ಮಿ' ನಮಗೆ ಎರಡೇ ಅಕ್ಷರ, ಕ್ಯಾರೆಕ್ಟರ್ ಎಣಿಸೋ ಕ್ಯಾರ್_ಲೆಂತ್ ಹಾಕಿದ್ರೆ 7 ಬರತ್ತೆ (ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಎಣಿಸತ್ತೆ), ಬರೀ ಲೆಂತ್ ಹಾಕಿದ್ರೆ 21 ಬೈಟು.

ಉದ್ದುದ್ದ ಬರೆಯೋ ಉತ್ತರಗಳನ್ನ ಟೆಕ್ಸ್ಟ್ (ಉದ್ದ ಬರಹಕ್ಕಿರೋ ಕಾಲಮ್ ಟೈಪು) ಮಾಡಿ. ಆಗ 65535ರ ಲೆಕ್ಕಕ್ಕೆ ಒಂದೊಂದೂ 9ರಿಂದ 12 ಬೈಟ್ ಅಷ್ಟೇ. ಇಂಡೆಕ್ಸ್ (ಬೇಗ ಹುಡುಕೋಕೆ ಮಾಡೋ ಪಟ್ಟಿ) ಬೇಕಂದ್ರೆ ಮಾತ್ರ ಮೊದಲ ಎಷ್ಟು ಕ್ಯಾರೆಕ್ಟರ್ ಅಂತ ಹೇಳ್ಬೇಕು.

ಇನ್ನು 8126. ಇದು ಜಾಸ್ತಿ ಕಾಡೋದು ಹಳೇ ಟೇಬಲ್ಲುಗಳಲ್ಲಿ. ಶೋ ಟೇಬಲ್ ಸ್ಟೇಟಸ್ ಹಾಕಿ ರೋ ಫಾರ್ಮ್ಯಾಟ್ (ರೋನ ಡಿಸ್ಕಲ್ಲಿ ಇಡೋ ರೀತಿ) ನೋಡಿ, ಕಾಂಪ್ಯಾಕ್ಟ್ ಅಂತಿದ್ರೆ ಅಲ್ಲೇ ಸಿಕ್ಕಿಬಿತ್ತು. ಉದ್ದದ ಕಾಲಮ್ಮಿನ ಮೊದಲ 768 ಬೈಟನ್ನ ಅದು ಪೇಜಲ್ಲೇ ಇಟ್ಕೊಳತ್ತೆ, ಹಂಗಾಗಿ ಅಂಥ 11 ಕಾಲಮ್ ತುಂಬಿದ್ರೆ ಕಥೆ ಮುಗೀತು. ಡೈನಮಿಕ್ ಆದ್ರೆ ಪೂರ್ತಿ ಹೊರಗೆ ಕಳಿಸಿ 20 ಬೈಟಿನ ಪಾಯಿಂಟರ್ ಮಾತ್ರ ಇಡತ್ತೆ. ಮೈಎಸ್‌ಕ್ಯೂಎಲ್ 5.7ರಿಂದ ಇದೇ ಡಿಫಾಲ್ಟು, ಆದ್ರೆ ಸರ್ವರ್ ಅಪ್‌ಗ್ರೇಡ್ ಮಾಡಿದ ಮಾತ್ರಕ್ಕೆ ಹಳೇ ಟೇಬಲ್ ಬದಲಾಗಲ್ಲ, ನೀವೇ ಆಲ್ಟರ್ ಟೇಬಲ್ ಕೊಟ್ಟು ರೋ ಫಾರ್ಮ್ಯಾಟನ್ನ ಡೈನಮಿಕ್ ಮಾಡ್ಬೇಕು. ಟೇಬಲ್ ಪೂರ್ತಿ ಮತ್ತೆ ಕಟ್ಟತ್ತೆ, ಡಿಸ್ಕಲ್ಲಿ ಜಾಗ ನೋಡ್ಕೊಂಡು ಜನ ಇಲ್ದಿರೋ ಹೊತ್ತಲ್ಲಿ ಓಡಿಸಿ.

ಇನ್ನೋಡಿಬಿ ಸ್ಟ್ರಿಕ್ಟ್ ಮೋಡ್ ಆಫ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಎರರ್ ವಾರ್ನಿಂಗ್ ಆಗತ್ತೆ ಅಷ್ಟೇ, ಆಮೇಲೊಂದಿನ ಯಾರೋ ಉದ್ದ ಉತ್ತರ ಬರೆದಾಗ ಇನ್ಸರ್ಟ್ ಫೇಲ್ ಆಗತ್ತೆ. ಪೇಜ್ ಸೈಜ್ ಹೆಚ್ಚಿಸೋದೂ ಸುಲಭ ಇಲ್ಲ, ಸರ್ವರ್ ಹೊಸದಾಗಿ ಇನಿಷಿಯಲೈಸ್ ಮಾಡುವಾಗ ಮಾತ್ರ ಆಗೋದು.

ನಾನು ಕೊನೆಗೆ ಆ 70 ಕಾಲಮ್ಮನ್ನೇ ತೆಗೆದೆ. ಫಾರ್ಮ್ ಐಡಿ, ಪ್ರಶ್ನೆ ಐಡಿ, ಉತ್ತರ, ಮೂರೇ ಕಾಲಮ್ಮು, ಒಂದು ಉತ್ತರಕ್ಕೆ ಒಂದು ರೋ. ರಿಪೋರ್ಟ್ ತೆಗೆಯೋ ಕ್ವೆರಿ ಸ್ವಲ್ಪ ಉದ್ದ ಆಯ್ತು ನಿಜ, ಆದ್ರೆ 71ನೇ ಪ್ರಶ್ನೆ ಬಂದಾಗ ಟೇಬಲ್ ಮುಟ್ಟೋ ಕೆಲಸಾನೇ ಇರಲಿಲ್ಲ.