ಅವರಿಗೆ ಏನು ಬಿಟ್ಟುಕೊಡೋಣ? ನಮಗಿಂತ ಬಲವಾದ ಕಾಲೇಜು ತಂಡದ ಎದುರು ಫುಟ್‌ಬಾಲ್ ತಯಾರಿ

ಡ್ರಾ ಪಟ್ಟಿ ಬಂತು, ಎದುರಾಳಿ ಮತ್ತೆ ಗೋವಾದ ಮಡಗಾಂವ್ ಕಡೆಯ ಅದೇ ಕಾಲೇಜು ಅಂತ ಗೊತ್ತಾಯಿತು ಅಂದರೆ ಹುಡುಗರ ಪ್ರಶ್ನೆ ಒಂದೇ: “ಸರ, ಅವರನ್ನ ಹೆಂಗ ತಡಿಯೋದ್ರೀ?” ನಾನು ತಿರುಗಿ ಕೇಳುತ್ತೇನೆ: “ತಡಿಯೋದು ಆಮ್ಯಾಲೆ. ಅವರಿಗೆ ಏನು ಬಿಟ್ಟುಕೊಡೋಣು, ಅದನ್ನ ಮೊದಲ ಹೇಳ್ರಿ.”

ಸಣ್ಣ ತಂಡವನ್ನು ತಯಾರು ಮಾಡುವವರು ಕೋಚ್ ಇರಲಿ, ಕ್ಯಾಪ್ಟನ್ ಇರಲಿ, ಈ ಪ್ರಶ್ನೆಯಿಂದಲೇ ಶುರು ಮಾಡಬೇಕು. ಲೆಕ್ಕ ನೋಡಿ. 100 ಮೀಟರ್ ಉದ್ದ, 64 ಮೀಟರ್ ಅಗಲದ ಮೈದಾನ. ಕೀಪರ್ ಬಿಟ್ಟರೆ ಹತ್ತು ಜನ. ಒಬ್ಬೊಬ್ಬರ ಪಾಲಿಗೆ 640 ಚದರ ಮೀಟರ್. ಊರ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬ ಹುಡುಗ ಹೆಚ್ಚುಕಡಿಮೆ 30-40 ಅಡಿಯ ಆರು ಸೈಟುಗಳನ್ನು ಒಬ್ಬನೇ ಕಾಯಬೇಕು. ಅದೇ ಹತ್ತು ಜನ 30 ಮೀಟರ್ ಉದ್ದ, 40 ಮೀಟರ್ ಅಗಲದೊಳಗೆ ಒತ್ತಾಗಿ ನಿಂತರೆ ಒಬ್ಬೊಬ್ಬರಿಗೆ ಒಂದು ಸೈಟು, ಮೇಲೆ ತುಸು. ಒಂದು ಸೈಟನ್ನು ಯಾರಾದರೂ ಕಾಯುತ್ತಾರೆ. ಉಳಿದ ಜಾಗ ಅವರಿಗೆ ಬಿಟ್ಟಂತೆಯೇ. ಆ ಬಿಟ್ಟ ಜಾಗ ಯಾವುದು ಅಂತ ನಾವೇ ಆರಿಸಿಕೊಳ್ಳುವುದಕ್ಕೆ ಗೇಮ್ ಪ್ಲಾನ್ ಅನ್ನುತ್ತೇನೆ ನಾನು.

ನಾನೂ ಗೋವಾದವನೇ, ವಾಸ್ಕೋದ ಬೈನಾದಲ್ಲಿ ಬೆಳೆದವನು. ಅಪ್ಪ ರೋಣ ತಾಲೂಕಿನಿಂದ ಮುರ್ಮುಗೋವಾ ಬಂದರಿನ ಕೆಲಸಕ್ಕೆ ಬಂದವರು. ನನ್ನದೂ ಬಂದರಿನ ಆಸುಪಾಸಿನದೇ ನೌಕರಿ, ಸಂಜೆಯಾದರೆ ಇಲ್ಲಿಯ ಒಂದು ಕಾಲೇಜಿನ ಹುಡುಗರನ್ನು ಆಡಿಸುತ್ತೇನೆ. ತಂಡದಲ್ಲಿ ಅರ್ಧಕ್ಕರ್ಧ ಬೈನಾ, ಮಾಂಗೋರ್, ಝುವಾರಿನಗರದ ಕನ್ನಡದ ಮನೆಯ ಹುಡುಗರು. ಎದುರಿನವರು ಎಂಟು-ಹತ್ತು ವರ್ಷದ ವಯಸ್ಸಿನಿಂದಲೇ ಕ್ಲಬ್ಬಿನ ಅಕಾಡೆಮಿಯಲ್ಲಿ ಪಳಗಿದವರು. ಮೊದಲ ಸಲ ಎದುರಾದಾಗ ನಾನು ಹುಡುಗರಿಗೆ ಹೇಳಿದ್ದು, “ಎಲ್ಲಾ ಕಡೆ ಬೆನ್ನು ಹತ್ರಿ, ಉಸಿರಾಡಾಕ ಬಿಡಬ್ಯಾಡ್ರಿ.” ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಮೂವತ್ತೈದಕ್ಕೆ ಕಾಲು ಸೋತವು. 0–5. ಅದರಲ್ಲಿ ನಾಲ್ಕು ಗೋಲು ಒಂದೇ ಸಂದಿಯಿಂದ, ನಮ್ಮ ರೈಟ್ ಬ್ಯಾಕ್ (ಹಿಂದಿನ ಸಾಲಿನ ಬಲತುದಿಯವನು) ಮತ್ತು ಸ್ಟಾಪರ್ (ಅದೇ ಸಾಲಿನ ನಡುವಿನವನು) ನಡುವಿನಿಂದ. ಆ ಸಂದಿ ಹುಡುಗರು ಮಾಡಿದ್ದಲ್ಲ, ನನ್ನ ಮಾತು ಮಾಡಿದ್ದು. ಬೆನ್ನು ಹತ್ತು ಅಂದದ್ದಕ್ಕೆ ರೈಟ್ ಬ್ಯಾಕ್ ಹತ್ತಿದ, ಹಿಂದೆ ಬಯಲು ಬಿತ್ತು.

ಆಮೇಲೆ ಅವರ ಎರಡು ಮ್ಯಾಚ್ ನೋಡಲು ಕದಂಬ ಬಸ್ಸು ಹತ್ತಿ ಹೋದೆ. ನೀವೂ ಹೋಗಲೇಬೇಕು, ಮೊಬೈಲಿನಲ್ಲಿ ಬಂದ ತುಣುಕು ಸಾಲದು, ಅದರಲ್ಲಿ ಕಾಣುವುದು ಚೆಂಡು ಮಾತ್ರ. ಮೈದಾನದಲ್ಲಿ ಗೋಲಿನ ಹಿಂದೆ ಎತ್ತರದ ಕಡೆ ನಿಲ್ಲಿ, ಅಲ್ಲಿಂದ ತಂಡದ ಅಗಲ ಕಾಣುತ್ತದೆ. ಮೊದಲ ಇಪ್ಪತ್ತು ನಿಮಿಷ ಚೆಂಡು ನೋಡಬೇಡಿ. ಇದು ಕಷ್ಟ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಆದರೂ ಅವರ ಹಿಂದಿನ ನಾಲ್ವರನ್ನಷ್ಟೇ ನೋಡಿ. ಚೆಂಡು ಎದುರಿನ ತುದಿಯಲ್ಲಿದ್ದಾಗ ಅವರೆಲ್ಲಿ ನಿಂತಿದ್ದಾರೆ? ಯಾರು ಮೇಲೆ ಹೋದರು? ಚೆಂಡು ಕಳೆದುಕೊಂಡ ಮೇಲೆ ಐದು ಸೆಕೆಂಡು ಏನು ಮಾಡುತ್ತಾರೆ, ಬೆನ್ನಟ್ಟುತ್ತಾರೋ ಹಿಂದಕ್ಕೆ ಓಡುತ್ತಾರೋ? ಈ ಐದು ಸೆಕೆಂಡಿನಲ್ಲಿ ಸಿಗುವಷ್ಟು ಸುಳಿವು ಇಡೀ ತೊಂಬತ್ತು ನಿಮಿಷದಲ್ಲಿ ಬೇರೆಲ್ಲೂ ಸಿಗಲಿಲ್ಲ ನನಗೆ.

ನನ್ನ ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಮೂರು ಕಾಲಂ: ಎಡ, ನಡು, ಬಲ. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೆ ಚೆಂಡು ಬಂದಾಗೆಲ್ಲ ಎಲ್ಲಿಂದ ಬಂತೋ ಆ ಕಾಲಮ್ಮಿನಲ್ಲಿ ಒಂದು ಗೆರೆ. ಗೋಲ್ ಕಿಕ್ ಚಿಕ್ಕದೋ ಉದ್ದದ್ದೋ, ಕಾರ್ನರ್ ಯಾವ ಕಾಲಿನದು, ಕೀಪರ್ ಹೊರಗೆ ಬರುತ್ತಾನೋ ಗೆರೆ ಮೇಲೇ ನಿಲ್ಲುತ್ತಾನೋ, ಇವು ಅಂಚಿನಲ್ಲಿ. ಎರಡು ಮ್ಯಾಚ್ ಮುಗಿಯುವಷ್ಟರಲ್ಲಿ ಮೂರು ಸಂಗತಿ ಖಾತ್ರಿಯಾದವು. ಅವರ ಎಡ ವಿಂಗರ್, ಅಂದರೆ ಎಡ ಅಂಚಿನಲ್ಲಿ ಮುಂದೆ ಆಡುವವನು, ಬಲಗಾಲಿನವನು, ಪ್ರತಿ ಸಲ ಒಳಗೆ ತಿರುಗಿ ಹೊಡೆಯುತ್ತಾನೆ. ಅವನಿಗೆ ಜಾಗ ಮಾಡಿಕೊಡಲು ಲೆಫ್ಟ್ ಬ್ಯಾಕ್ ಹೊರಗಿನಿಂದ ಮೇಲೇರುತ್ತಾನೆ, ಇಳಿಯುವಾಗ ಮಾತ್ರ ನಡೆದು ಬರುತ್ತಾನೆ. ಸ್ಟ್ರೈಕರ್ ಕಾಲಿನ ಆಟದಲ್ಲಿ ಜಾಣ, ಆದರೆ ಕುಳ್ಳ. ತಲೆಯ ಮೇಲಿನ ಚೆಂಡಿಗೆ ಹಾರುವುದೇ ಇಲ್ಲ.

ರಾತ್ರಿ ಮನೆಯ ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು, ಚೌಕಾಬಾರದ ಡಬ್ಬಿಯ ಹುಣಸೆ ಬೀಜ ನಮ್ಮವರು, ಕಡಲೆಕಾಳು ಅವರು ಅಂತ ಇಟ್ಟು ನೋಡಿದೆ. ಹುಡುಗರನ್ನೂ ಕರೆದೆ. ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು, ಏಕೆಂದರೆ ಬೀಜವನ್ನು ಹುಡುಗನೇ ತನ್ನ ಕೈಯಿಂದ ಸರಿಸುತ್ತಾನೆ. ರೈಟ್ ಬ್ಯಾಕ್ ತನ್ನ ಬೀಜವನ್ನು ವಿಂಗರ್ ಕಡೆಗೆ ಒಯ್ದ. ಹಿಂದೆ ಉಳಿದ ಖಾಲಿ ನೆಲ ನೋಡಿ ತಾನೇ ಬೀಜವನ್ನು ಎರಡು ಬೆರಳು ಒಳಗೆ ತಂದ. “ಇಲ್ಲಿ ನಿಂತ್ರ ಅಂವಾ ಒಳಗ ಬರಾಂಗಿಲ್ಲ ಸರ. ಹೊರಗ ಹೋಗ್ತಾನ.” ಹೋಗಲಿ ಅಂದೆ. ನಾವು ಬಿಟ್ಟುಕೊಟ್ಟಿದ್ದು ಅದನ್ನೇ, ಸೈಡ್ ಲೈನಿನ ಪಕ್ಕದ ಜಾಗ ಮತ್ತು ಅಲ್ಲಿಂದ ಬರುವ ಕ್ರಾಸ್, ಅಂದರೆ ಗೋಲಿನ ಮುಂದಕ್ಕೆ ಎತ್ತಿ ಹೊಡೆಯುವ ಚೆಂಡು. ನಮ್ಮ ಸ್ಟಾಪರ್‌ಗಳಿಬ್ಬರೂ ಎತ್ತರದವರು. ಅವರಿಗೆ ಇಪ್ಪತ್ತು ಕ್ರಾಸ್ ಬಂದರೂ ಸರಿ, ನಡುವಿನಿಂದ ಒಂದು ಪಾಸೂ ಬರಬಾರದು.

ನಿಮ್ಮ ಎದುರಾಳಿಗೆ ಎತ್ತರದ ಸ್ಟ್ರೈಕರ್ ಇದ್ದರೆ ಲೆಕ್ಕ ಉಲ್ಟಾ. ಆಗ ಕ್ರಾಸ್ ಹಾಕುವವನನ್ನು ಒತ್ತಬೇಕು, ದೂರದಿಂದ ಹೊಡೆಯುವುದನ್ನು ಬಿಡಬೇಕು. ನನ್ನ ಪ್ಲಾನನ್ನು ಹಾಗೇ ಎತ್ತಿಕೊಂಡು ಹೋಗಬೇಡಿ.

ಈಗ ಅಭ್ಯಾಸ. ಪೆನಾಲ್ಟಿ ಬಾಕ್ಸಿನ ಅಗಲ 40.32 ಮೀಟರ್. ಗೆರೆ ಮೈದಾನದಲ್ಲೇ ಇದೆ, ಬೇರೆ ಗುರುತು ಬೇಡ. ಹಿಂದಿನ ನಾಲ್ವರು ಅದರ ಅಗಲ ಮೀರಬಾರದು. ಮಾತಿನಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಅದಕ್ಕೇ ಬೈನಾದ ಮೀನುಗಾರರಿಂದ ಹಳೆಯ ಹಗ್ಗ ತಂದೆ. ಎಂಟೆಂಟು ಮೀಟರಿಗೆ ಒಂದು ಗಂಟು, ಗಂಟಿಗೊಬ್ಬ ಡಿಫೆಂಡರ್. ಕೈಯಲ್ಲಿ ಹಿಡಿಯಬೇಕು, ಸೊಂಟಕ್ಕೆ ಕಟ್ಟಬಾರದು, ಬಿದ್ದರೆ ಪೆಟ್ಟಾಗುತ್ತದೆ. ಎದುರಿಗೆ ಆರು ಜನ ನಿಂತು ಚೆಂಡನ್ನು ಈ ಬದಿಯಿಂದ ಆ ಬದಿಗೆ ಪಾಸ್ ಮಾಡುತ್ತಾರೆ, ನಾಲ್ವರು ಚೆಂಡಿನ ಜೊತೆ ಜರುಗಬೇಕು. ಹಗ್ಗ ಬಿಗಿದರೆ ಒಬ್ಬ ತಡಮಾಡಿದ. ನೆಲಕ್ಕೆ ಜೋತರೆ ಇಬ್ಬರು ಒಂದೇ ಕಡೆ ಸೇರಿದರು. ಮೊದಲ ದಿನ ನಮ್ಮ ಎಡಗಡೆಯ ಸ್ಟಾಪರ್ ಕೈ ಪ್ರತಿ ಸಲ ಜಗ್ಗಿತು, ಅಂಗೈ ಕೆಂಪಾಯಿತು. ಅವನು ಚೆಂಡು ನೋಡುತ್ತಿದ್ದ, ಪಕ್ಕದವನನ್ನು ನೋಡುತ್ತಿರಲಿಲ್ಲ. ಮೂರನೇ ದಿನ ಹಗ್ಗ ತೆಗೆದೆವು. ಆದರೂ ನಾಲ್ವರ ಕೈ ಮುಷ್ಟಿ ಕಟ್ಟಿಯೇ ಇತ್ತು, ಹಗ್ಗ ಇದ್ದಂತೆಯೇ ಜರುಗುತ್ತಿದ್ದರು.

ಮಿಡ್‌ಫೀಲ್ಡ್ ಸಾಲು ಅವರ ಮುಂದೆ ಹತ್ತು-ಹನ್ನೆರಡು ಮೀಟರಿನಲ್ಲಿ. ಇವರು ಯಾವಾಗ ಮುಂದೆ ನುಗ್ಗಬೇಕು? ಮೂರು ಸೂಚನೆ ಮಾತ್ರ ಕೊಟ್ಟಿದ್ದೇನೆ: ಎದುರಾಳಿಯ ಕಾಲಿನಿಂದ ಚೆಂಡು ದೂರ ಸಿಡಿದಾಗ, ಅವನು ತನ್ನ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಮೆಲ್ಲಗಿನ ಬ್ಯಾಕ್ ಪಾಸ್ ಕೊಟ್ಟಾಗ. ಇವಿಲ್ಲದೆ ಯಾರೂ ಓಡುವಂತಿಲ್ಲ.

ಮೈದಾನದ ಮೇಲಿನ ಕೂಗು ಕನ್ನಡದಲ್ಲೇ ಇಟ್ಟಿದ್ದೇವೆ. “ಕಟ್ಟು” ಅಂದರೆ ಎಲ್ಲರೂ ಒಳಗೆ ಸೇರಿ, “ಹೊರಗ” ಅಂದರೆ ವಿಂಗರನ್ನು ಲೈನಿನ ಕಡೆ ದೂಡು, “ಏರು” ಅಂದರೆ ಸಾಲು ಮೇಲೆ. ಎರಡಕ್ಷರ, ಮೂರಕ್ಷರದ ಮಾತು. ಓಡುವಾಗ ಬಾಯಿಗೆ ಸಲೀಸಾಗಿ ಬರುತ್ತದೆ. ತಂಡದ ಕೊಂಕಣಿ ಹುಡುಗರೂ ಒಂದೇ ವಾರದಲ್ಲಿ ಕಲಿತರು. ಈಗ ಅವರೇ ಜೋರಾಗಿ “ಕಟ್ಟು” ಕೂಗುತ್ತಾರೆ, ಕೇಳಿದರೆ ನನ್ನ ಎದೆ ತುಂಬುತ್ತದೆ.

ಆಫ್‌ಸೈಡ್ ಬಲೆ ಹಾಕೋಣ, ಅಂದರೆ ಹಿಂದಿನ ಸಾಲು ಒಟ್ಟಿಗೆ ಮುಂದೆ ಬಂದು ಎದುರಾಳಿಯನ್ನು ಆಫ್‌ಸೈಡಿನಲ್ಲಿ ಸಿಕ್ಕಿಸೋಣ ಅಂತ ಹುಡುಗರು ಕೇಳಿದ್ದರು. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದ್ದು ಅವರ ತಲೆಯಲ್ಲಿತ್ತು. ಮೊದಲ ಅರ್ಧದಲ್ಲಿ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಅಂತ ರದ್ದಾಗಿದ್ದವು. ಆದರೆ ಅಲ್ಲಿ ಅಂಗೈ ಅಗಲದ ವ್ಯತ್ಯಾಸವನ್ನೂ ಹಿಡಿಯುವ ಕ್ಯಾಮೆರಾಗಳಿದ್ದವು. ಕಾಲೇಜು ಮ್ಯಾಚಿನಲ್ಲಿ ಬಾವುಟ ಹಿಡಿದ ಒಬ್ಬ ಲೈನ್ಸ್‌ಮನ್, ಅವರೂ ಮನುಷ್ಯರೇ, ಓಡಿ ಓಡಿ ದಣಿದಿರುತ್ತಾರೆ. ಅವರ ಬಾವುಟವನ್ನು ನಂಬಿ ಸಾಲು ಮೇಲೆ ತರುವುದು ಬೇಡ.

ಗೋಲು ಹೊಡೆಯುವುದು ಎಲ್ಲಿಂದ? ಅವರ ಶಕ್ತಿಯೇ ದಾರಿ ತೋರಿಸಿತು. ಲೆಫ್ಟ್ ಬ್ಯಾಕ್ ಮೇಲೇರಿದಾಗ ಅವನ ಹಿಂದೆ ಬಯಲು. ಅದಕ್ಕೆ ನಮ್ಮ ಬಲ ವಿಂಗರ್ ಪೂರ್ತಿ ಕೆಳಗೆ ಬರುವುದಿಲ್ಲ, ಸೆಂಟರ್ ಲೈನಿನ ಹತ್ತಿರವೇ ನಿಲ್ಲುತ್ತಾನೆ. ನಮ್ಮ ರೈಟ್ ಬ್ಯಾಕ್‌ಗೆ ಇದರಿಂದ ಕೆಲಸ ಹೆಚ್ಚು, ಅದು ಅವನಿಗೂ ಗೊತ್ತಿರಬೇಕು, ಒಪ್ಪಿರಬೇಕು. ಚೆಂಡು ಸಿಕ್ಕ ಮೇಲೆ ಮೊದಲ ಅಥವಾ ಎರಡನೇ ಪಾಸಿಗೇ ಅಲ್ಲಿಗೆ ಹೋಗಬೇಕು. ನಾಲ್ಕನೇ ಪಾಸಿಗೆ ಆ ಬಯಲು ಇರುವುದಿಲ್ಲ.

ಎರಡನೆಯದು ನಿಂತ ಚೆಂಡು. ಓಡುವ ಆಟದಲ್ಲಿ ಅವರು ಮೇಲು, ಕಾರ್ನರಿನಲ್ಲಿ ಹಾಗಲ್ಲ. ಅಲ್ಲಿ ನಾವು ಎಷ್ಟು ಸಲ ಬೇಕಾದರೂ ಮೊದಲೇ ಮಾಡಿ ನೋಡಬಹುದು. 2004ರ ಯುರೋ ಕಪ್ಪನ್ನು ಗ್ರೀಸ್ ಗೆದ್ದಾಗ ಕ್ವಾರ್ಟರ್ ಫೈನಲಿನಲ್ಲಿ ಫ್ರಾನ್ಸ್, ಸೆಮಿಯಲ್ಲಿ ಚೆಕ್ ಗಣರಾಜ್ಯ, ಫೈನಲಿನಲ್ಲಿ ಪೋರ್ಚುಗಲ್, ಮೂರನ್ನೂ 1–0ರಿಂದ ಸೋಲಿಸಿತು, ಮೂರೂ ಗೋಲು ತಲೆಯಿಂದ. ಸೆಮಿಯದೂ ಫೈನಲಿನದೂ ಕಾರ್ನರಿನಿಂದಲೇ ಬಂದವು. ನಮ್ಮದು ಎರಡೇ ಕಾರ್ನರ್. ಒಂದು, ಹತ್ತಿರದ ಕಂಬಕ್ಕೆ ಹೊಡೆದು ತಲೆಯಿಂದ ಹಿಂದಕ್ಕೆ ಹಾಯಿಸುವುದು. ಇನ್ನೊಂದು, ಎಲ್ಲರೂ ಒಳಗೆ ನುಗ್ಗಿದಾಗ ಬಾಕ್ಸಿನ ಅಂಚಿನಲ್ಲಿ ನಿಂತವನಿಗೆ ನೆಲದ ಮೇಲೆ ಹಿಂದಕ್ಕೆ ಕೊಡುವುದು. ಆರು ಬಗೆ ಕಲಿಸಿದರೆ ಆರೂ ಅರ್ಧಂಬರ್ಧ. ಉದ್ದ ಎಸೆಯುವ ಹುಡುಗ ಇದ್ದರೆ ಥ್ರೋ-ಇನ್ ಕೂಡ ಕಾರ್ನರಿನಂತೆಯೇ. ನೇರವಾಗಿ ಥ್ರೋದಿಂದ ಚೆಂಡು ಪಡೆದರೆ ಆಫ್‌ಸೈಡ್ ಇಲ್ಲ, ಇದು ಎಷ್ಟೋ ಹುಡುಗರಿಗೆ ನೆನಪೇ ಇರುವುದಿಲ್ಲ.

ಮ್ಯಾಚಿನ ದಿನ ಟಾಸ್ ಗೆದ್ದರೆ ಗಾಳಿ ನೋಡಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರು, ಹೊತ್ತು ಇಳಿದಂತೆ ಅದೂ ಇಳಿಯುತ್ತದೆ. ನಾಲ್ಕಕ್ಕೆ ಶುರುವಾಗುವ ಮ್ಯಾಚಾದರೆ ಮೊದಲ ಅರ್ಧದಲ್ಲೇ ಗಾಳಿ ನಮ್ಮ ಬೆನ್ನಿಗಿರಲಿ. ಮೊದಲ ಹದಿನೈದು ನಿಮಿಷ ನಮ್ಮ ಗುರಿ ಒಂದೇ, ನಡುವಿನಿಂದ ಪಾಸ್ ಬಿಡಬಾರದು. ಹೊರಗಿನಿಂದ ನೋಡುವವರು ನಮಗೆ ಆಡಲು ಬರುವುದಿಲ್ಲ ಅಂತ ಕೂಗುತ್ತಾರೆ. ಹಾಗೆ ಕೂಗುತ್ತಾರೆ ಅಂತ ಹುಡುಗರಿಗೆ ಮೊದಲೇ ಹೇಳಿಡಿ.

ಗೋಲು ಬಿದ್ದರೆ? ಕೂಡಲೇ ಪ್ಲಾನ್ ಬಿಡುವುದು ದೊಡ್ಡ ತಪ್ಪು. 2022ರಲ್ಲೇ ಜಪಾನ್ ಹಾಫ್‌ಟೈಮಿಗೆ ಜರ್ಮನಿ ಎದುರು 0–1 ಹಿಂದಿತ್ತು. ಹಿಂದಿನ ಸಾಲು ಬದಲಿಸಿ, ತಾಜಾ ಕಾಲುಗಳನ್ನು ಒಳಗೆ ಕಳಿಸಿ, 75ನೇ ಮತ್ತು 83ನೇ ನಿಮಿಷದಲ್ಲಿ ಎರಡು ಹೊಡೆದು ಗೆದ್ದಿತು. ಎರಡೂ ಗೋಲು ಹೊಡೆದವರು ಬದಲಿ ಆಟಗಾರರು. ನಿಮ್ಮ ವೇಗದ ಹುಡುಗರಲ್ಲಿ ಒಬ್ಬನನ್ನು 60ನೇ ನಿಮಿಷದವರೆಗೆ ಬೆಂಚಿನಲ್ಲಿ ಇಟ್ಟುಕೊಳ್ಳಿ. ಅವನಿಗೆ ಬೇಜಾರಾಗುತ್ತದೆ. ಯಾಕೆ ಇಟ್ಟಿದ್ದೇನೆ ಅಂತ ಹಿಂದಿನ ದಿನವೇ ಪಕ್ಕಕ್ಕೆ ಕರೆದು ಹೇಳಿ. “ತಮ್ಮಾ, ಅವರ ಲೆಫ್ಟ್ ಬ್ಯಾಕ್ ದಣದ ಮ್ಯಾಲೆ ನೀ ಬೇಕು.”

ಎರಡನೇ ಸಲ ಅವರನ್ನು ಎದುರಿಸಿದಾಗ ಕ್ರಾಸ್ ಮೇಲೆ ಕ್ರಾಸ್ ಬಂತು, ಸ್ಟಾಪರ್‌ಗಳು ತಲೆಯಿಂದ ಹೊರಗಟ್ಟುತ್ತಲೇ ಇದ್ದರು. ದೂರದ ಹೊಡೆತವೊಂದು ನಮ್ಮವನ ಕಾಲಿಗೆ ತಾಗಿ ಒಳಗೆ ಹೋಯಿತು. ಬೆಂಚಿನಿಂದ ಹೋದ ಆ ಹುಡುಗ ಬಲಬದಿಯ ಬಯಲಿನಲ್ಲಿ ಓಡಿ ಕಾರ್ನರ್ ತಂದ, ಹತ್ತಿರದ ಕಂಬದಿಂದ ಹಾಯಿಸಿದ ಚೆಂಡಿಗೆ ಸ್ಟಾಪರ್ ತಲೆ ಕೊಟ್ಟ. 1–1. ಆಮೇಲೆ ಪೆನಾಲ್ಟಿ. ನಾನು ಅದರ ತಯಾರಿ ಮಾಡಿರಲಿಲ್ಲ. ಸೆಂಟರ್ ಲೈನಿನ ಬಳಿ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಯಾರು ಹೊಡೀತೀರಿ ಅಂತ ಕೇಳಿದೆ. ಮೂವರು ಕೈ ಎತ್ತಿದರು, ಉಳಿದವರು ನೆಲ ನೋಡಿದರು. 3–4ರಿಂದ ಸೋತೆವು.

ಈಗ ಪ್ರತಿ ಅಭ್ಯಾಸದ ಕೊನೆಗೆ, ಕಾಲು ಪೂರ್ತಿ ದಣಿದ ಮೇಲೆ, ಹನ್ನೊಂದು ಜನರೂ ಎರಡೆರಡು ಪೆನಾಲ್ಟಿ ಹೊಡೆಯುತ್ತಾರೆ. ಸೆಂಟರ್ ಲೈನಿನಿಂದ ಒಬ್ಬನೇ ನಡೆದು ಬಂದು, ಚೆಂಡನ್ನು ತಾನೇ ಇಟ್ಟು ಹೊಡೆಯಬೇಕು. ನೋಟ್‌ಬುಕ್ಕಿನಲ್ಲಿ ಎದುರಾಳಿಗಳು ಪೆನಾಲ್ಟಿ ಯಾವ ಮೂಲೆಗೆ ಹೊಡೆಯುತ್ತಾರೆ ಅನ್ನುವುದಕ್ಕೆ ಒಂದು ಪುಟ ಬೇರೆ ಇದೆ, ಅದು ನಮ್ಮ ಕೀಪರ್ ಬಳಿಯೇ ಇರುತ್ತದೆ. ಐದು ಹೆಸರು, ಅದರ ಕೆಳಗೆ ಮತ್ತೆ ಆರು, ಸಾಲಾಗಿ ಬರೆದ ಚೀಟಿ ಬಸ್ಸು ಹತ್ತುವ ಮೊದಲೇ ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ತನ್ನದು ಎಷ್ಟನೇ ನಂಬರ್ ಅಂತ ಪ್ರತಿಯೊಬ್ಬ ಹುಡುಗನಿಗೂ ಗೊತ್ತಿರುತ್ತದೆ.